ಸೋಪು ಮನೆಯಲ್ಲೇ ಇತ್ತು

ಮುಳಬಾಗಿಲು ದಾಟಿ ಪೂರ್ವಕ್ಕೆ ಹೊರಟರೆ ಕರ್ನಾಟಕದ ಗಡಿ ಮುಗಿದು ಆಂಧ್ರದ ಚಿತ್ತೂರು ಜಿಲ್ಲೆ ಶುರುವಾಗುತ್ತದೆ. ಆ ಜಿಲ್ಲೆಯ 14 ಹಳ್ಳಿಗಳಲ್ಲಿ 2011ರಲ್ಲಿ ಒಂದು ಅಧ್ಯಯನ ಆರಂಭವಾಯಿತು. ತರಬೇತಿ ಪಡೆದ ಕಾರ್ಯಕರ್ತರು ಮನೆಗಳಿಗೆ ಹೋಗಿ, ಒಂದು ಕಡೆ ಕೂತು, ಮನೆಯವರು ಏನೇನು ಮಾಡುತ್ತಾರೆ ಎಂದು ನೋಡಿ ಬರೆದುಕೊಂಡರು. ಬುದ್ಧಿ ಹೇಳಲಿಲ್ಲ, ತಿದ್ದಲಿಲ್ಲ. ಬಯಲಿಗೆ ಹೋಗಿ ಬಂದವರು ಕೈಯನ್ನು ಹೇಗೆ ತೊಳೆದರು, ಮಗುವನ್ನು ತೊಳೆದ ತಾಯಿ ಆಮೇಲೆ ಏನು ಮುಟ್ಟಿದಳು, ಉಣ್ಣಲು ಕೂರುವವರು ಕೈಗೆ ಬರೀ ನೀರು ಹಾಕಿಕೊಂಡರೋ ಸೋಪನ್ನೂ ಹಚ್ಚಿಕೊಂಡರೋ, ಇಷ್ಟನ್ನು ಗಮನಿಸಿದರು. ಕೈ ತೊಳೆಯಲೇಬೇಕಾದ ಇಂಥ ನೂರು ಸಂದರ್ಭಗಳಲ್ಲಿ ಸೋಪು ಬಳಕೆಯಾಗಿದ್ದು ಒಂದೋ ಎರಡೋ ಸಲ.

ಈ ಲೆಕ್ಕದ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. 2018ರ ಜುಲೈನಿಂದ ಡಿಸೆಂಬರ್‌ವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನಲ್ಲಿ ದೇಶದ ಕುಟುಂಬಗಳಿಗೆ ಇದೇ ವಿಷಯ ಕೇಳಲಾಗಿತ್ತು. ಶೌಚದ ನಂತರ ಸೋಪಿನಲ್ಲಿ ಕೈ ತೊಳೆಯುತ್ತೇವೆ ಎಂದವರು ಶೇ 74.1, ಊಟಕ್ಕೆ ಮುಂಚೆ ಎಂದವರು ಶೇ 35.8. ಊರು ಬೇರೆ, ವರ್ಷ ಬೇರೆ, ಒಪ್ಪೋಣ. ಆದರೂ ಒಂದೆರಡಕ್ಕೂ ಎಪ್ಪತ್ತನಾಲ್ಕಕ್ಕೂ ನಡುವಿನ ಕಂದಕವನ್ನು ಊರು, ವರ್ಷಗಳಷ್ಟೇ ತುಂಬಲಾರವು. ಕೇಳಿದಾಗ ಜನ ಸರಿಯಾದ ಉತ್ತರ ಕೊಡುತ್ತಾರೆ. ಸರಿಯಾದ ಉತ್ತರ ಅವರಿಗೆ ಗೊತ್ತಿದೆ. ನಮ್ಮ ಆರೋಗ್ಯ ಪ್ರಚಾರದ ದೊಡ್ಡ ಭಾಗ ಮರೆಯುವುದು ಇದನ್ನೇ.

ಚಿತ್ತೂರಿನ ಆ ಜನ ಕೊಳಕರೆಂದು ಯಾರೂ ಭಾವಿಸಬಾರದು. ಅಂಗಳ ಗುಡಿಸಿ, ಸಾರಿಸಿ, ಸ್ನಾನ ಮಾಡಿ, ಬಟ್ಟೆ ಒಗೆದು ಹಾಕುವ ಮನೆಗಳವು. ಸೋಪಿಗೇನೂ ಬರ ಇರಲಿಲ್ಲ. ಭಾರತವೂ (ಕೇರಳದಲ್ಲಿ) ಸೇರಿದಂತೆ 11 ದೇಶಗಳಲ್ಲಿ ಮಾಡಿದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ 2009ರಲ್ಲಿ ಒಂದು ಪ್ರಬಂಧ ಪ್ರಕಟವಾಗಿತ್ತು. ಬಹುತೇಕ ಮನೆಗಳಲ್ಲಿ ಸೋಪು ಇತ್ತು. ಆದರೆ ಮಕ್ಕಳನ್ನು ನೋಡಿಕೊಳ್ಳುವವರು ಶೌಚದ ನಂತರ ಅದರಲ್ಲಿ ಕೈ ತೊಳೆದದ್ದು ಸರಾಸರಿ ಶೇ 17 ಸಂದರ್ಭಗಳಲ್ಲಿ. ಸೋಪು ಮೈಗೆ, ಬಟ್ಟೆಗೆ, ಪಾತ್ರೆಗೆ ಎಂದು ಮನೆಯಲ್ಲಿ ತೀರ್ಮಾನವಾಗಿರುತ್ತದೆ. ಅದರ ಜಾಗ ಬಚ್ಚಲು, ಅದರ ಹೊತ್ತು ಸ್ನಾನದ ಹೊತ್ತು. ಉಣ್ಣುವ ಜಾಗ ನಡುಮನೆ ಅಥವಾ ಅಡುಗೆಮನೆ. ತಟ್ಟೆಗೆ ಬಿಸಿ ಮುದ್ದೆ ಬಿದ್ದಾಗ ಎದ್ದು ಬಚ್ಚಲಿಗೆ ಹೋಗಿ ಸೋಪು ಹುಡುಕಿ ಬರುವವರು ಎಷ್ಟು ಮಂದಿ? ಚೊಂಬಿನ ನೀರಲ್ಲಿ ಬೆರಳು ಅದ್ದಿದರೆ ಕೈ ತೊಳೆದಂತೆಯೇ ಲೆಕ್ಕ.

ಜನ ತಪ್ಪು ಮಾಡುವುದು ತಿಳಿಯದೆ, ತಿಳಿಸಿದರೆ ಸರಿಹೋಗುತ್ತಾರೆ. ನಮ್ಮ ಬಹುಪಾಲು ಜಾಗೃತಿ ಜಾಥಾಗಳು, ಗೋಡೆಬರಹಗಳು, ಕರಪತ್ರಗಳು ನಿಂತಿರುವುದು ಈ ಒಂದು ನಂಬಿಕೆಯ ಮೇಲೆ. ವರ್ತನಾ ವಿಜ್ಞಾನ ಈ ಕಾಲಕ್ಕೆ ಮಾಡಿರುವ ಅತಿ ದೊಡ್ಡ ಉಪಕಾರ ಎಂದರೆ ಆ ನಂಬಿಕೆಯನ್ನು ಅಲುಗಿಸಿದ್ದು. ತಿಳಿದೂ ಮಾಡದಿರುವುದು ಓದಿಲ್ಲದವರ ಸಮಸ್ಯೆಯೂ ಅಲ್ಲ. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ 1847ರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ವೈದ್ಯರ ಕೈಗಳನ್ನು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ತೊಳೆಸಿದ್ದ. ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ ಇಳಿದುಹೋಯಿತು. ಆದರೂ ಅವನ ಸಹೋದ್ಯೋಗಿಗಳಲ್ಲಿ ಅನೇಕರು ಒಪ್ಪಲಿಲ್ಲ. ಇವತ್ತಿಗೂ, ಸೂಕ್ಷ್ಮಾಣುಗಳ ಬಗ್ಗೆ ಎಲ್ಲ ಬಲ್ಲ ವೈದ್ಯರಿಗೆ, ದಾದಿಯರಿಗೆ ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೆ ಹೋಗುವಾಗ ಕೈ ತೊಳೆಯುವುದನ್ನು ನೆನಪಿಸಲು ಪ್ರಪಂಚದ ಆಸ್ಪತ್ರೆಗಳು ಹೆಣಗುತ್ತಿವೆ.

ಹಾಗಾದರೆ ತಿಳಿವಳಿಕೆ ಸಾಲದ ಕಡೆ ಏನು ಬೇಕು?

ಚಿತ್ತೂರಿನ ಅಧ್ಯಯನದ ಹಿಂದೆ ಇದ್ದವರಲ್ಲಿ ಒಬ್ಬರು ವ್ಯಾಲ್ ಕರ್ಟಿಸ್. ಲಂಡನ್ ಸ್ಕೂಲ್ ಆಫ್ ಹೈಜೀನ್ ಆ್ಯಂಡ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿದ್ದ ಆಕೆ 2020ರಲ್ಲಿ ತೀರಿಕೊಂಡರು. ತಮ್ಮ ವೃತ್ತಿಜೀವನದ ದೊಡ್ಡ ಭಾಗವನ್ನು ಅವರು ಕಳೆದಿದ್ದು ಅಸಹ್ಯವನ್ನು ಅಧ್ಯಯನ ಮಾಡುತ್ತಾ. ವಾಕರಿಕೆ, ಹೇಸಿಗೆ, ಮೂಗು ಮುಚ್ಚಿಕೊಳ್ಳುವಿಕೆ ಇವೆಲ್ಲ ಎಲ್ಲಿಂದ ಬಂದವು ಎಂಬುದೇ ಅವರ ಪ್ರಶ್ನೆ. ಇಂಟರ್‌ನೆಟ್ಟಿನಲ್ಲಿ ಸುಮಾರು 40,000 ಜನರಿಗೆ ಚಿತ್ರಗಳನ್ನು ತೋರಿಸಿ ಯಾವುದು ಎಷ್ಟು ಹೇಸಿಗೆ ಎಂದು ಕೇಳಿದ್ದರು. ದೇಶ ಯಾವುದೇ ಇರಲಿ, ರೋಗದ ಸುಳಿವು ಕೊಡುವ ಚಿತ್ರವೇ ಹೆಚ್ಚು ಹೇಸಿಗೆ ಎನಿಸಿಕೊಂಡಿತು: ಬರೀ ನೀಲಿ ದ್ರವ ಚೆಲ್ಲಿದ ಬಟ್ಟೆಗಿಂತ, ಕೀವು ರಕ್ತದಂತೆ ಕಾಣುವ ಕಲೆಯಿದ್ದ ಬಟ್ಟೆ. ಸೂಕ್ಷ್ಮದರ್ಶಕ ಹುಟ್ಟುವುದಕ್ಕೆ ಲಕ್ಷಾಂತರ ವರ್ಷ ಮೊದಲೇ ನಮ್ಮ ಮೈ ರೋಗದಿಂದ ದೂರ ಸರಿಯುವುದನ್ನು ಕಲಿತಿತ್ತು, ಆ ಕಲಿಕೆಯ ಹೆಸರೇ ಅಸಹ್ಯ ಎಂಬುದು ಅವರ ವಾದ.

ಈ ವಾದದಿಂದ ಹುಟ್ಟುವ ಉಪಾಯ ಸರಳವಾದದ್ದು. ಕೀಟಾಣುವಿನ ಪಾಠ ತಲೆಗೆ ಹೋಗುತ್ತದೆ, ಕೈಗೆ ಇಳಿಯುವುದಿಲ್ಲ. ಅಸಹ್ಯವಾದರೋ ಪಾಠವಿಲ್ಲದೆಯೂ ಕೈಯನ್ನು ಹಿಂದಕ್ಕೆಳೆಯುತ್ತದೆ. ಚಿತ್ತೂರಿಗೆ ಮುಂಚೆ ಕರ್ಟಿಸ್ ಅದನ್ನು ಘಾನಾದಲ್ಲಿ ಬಳಸಿದ್ದರು. ಅಲ್ಲಿಯ ತಾಯಂದಿರು ಕೈಗೆ ಎಣ್ಣೆ, ವಾಸನೆ, ಜಿಡ್ಡು ಅಂಟಿದಾಗ ಸೋಪು ಬಳಸುತ್ತಿದ್ದರು; ಶೌಚದ ನಂತರ ಕೈ ಚೊಕ್ಕಟವಾಗಿಯೇ ಕಾಣುವುದರಿಂದ ಬಳಸುತ್ತಿರಲಿಲ್ಲ. ಅಲ್ಲಿನ ಟಿ.ವಿ. ಜಾಹೀರಾತಿನಲ್ಲಿ ಶೌಚಾಲಯದಿಂದ ಹೊರಬಂದವರ ಕೈಯಲ್ಲಿ ನೇರಳೆ ಬಣ್ಣದ ಕಲೆ. ಆ ಕೈ ಮುಟ್ಟಿದ್ದಕ್ಕೆಲ್ಲ ಆ ಬಣ್ಣ ಹತ್ತುತ್ತದೆ, ಕೊನೆಗೆ ಮಗು ತಿನ್ನುವ ಅನ್ನಕ್ಕೂ. ಕಾಣದ್ದನ್ನು ಕಾಣಿಸಿದರು, ಅಷ್ಟೇ.

ಚಿತ್ತೂರಿನ ಕಾರ್ಯಕ್ರಮ ರೂಪಿಸುವುದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಸಂಶೋಧಕರು ಲಂಡನ್ನಿನವರ ಜೊತೆಗಿದ್ದರು. ಕಥೆ, ಪಾತ್ರ, ಚಿತ್ರಗಳನ್ನು ಕಟ್ಟಿಕೊಟ್ಟದ್ದು ಬೆಂಗಳೂರಿನದೇ ಆದ ಒಂದು ಜಾಹೀರಾತು ಸಂಸ್ಥೆ. ಅಭಿಯಾನದ ಹೆಸರು ‘ಸೂಪರ್ ಅಮ್ಮ’. ಹಳ್ಳಿಯ ಒಬ್ಬ ತಾಯಿ ತನ್ನ ಮಗನಿಗೆ ಒಳ್ಳೆಯ ನಡತೆ ಕಲಿಸುತ್ತಾಳೆ, ಅದರಲ್ಲಿ ಸೋಪಿನಿಂದ ಕೈ ತೊಳೆಯುವುದೂ ಒಂದು. ಇದು ಅನಿಮೇಷನ್ ಚಿತ್ರದ ಕಥೆ. ಇದರ ಎದುರಿಗೆ ಲಡ್ಡು ಲಿಂಗಂ ಎಂಬ ಕೊಳಕ ಬರುತ್ತಾನೆ. ಕೈ ತೊಳೆಯುವುದೇ ಗೊತ್ತಿಲ್ಲದ ಈ ಪುಣ್ಯಾತ್ಮ ಊರ ಮುಂದೆ ನಿಂತು ಮಣ್ಣು, ಹುಳು ಎಲ್ಲ ಕಲಸಿ ಲಾಡು ಕಟ್ಟುತ್ತಾನೆ. ಮಕ್ಕಳು ನಗುತ್ತವೆ, ವ್ಯಾಕ್ ಎನ್ನುತ್ತವೆ. ಆಮೇಲೆ ಊರಿನ ಹೆಂಗಸರು ಎಲ್ಲರೆದುರು ನಿಂತು, ನಾನೂ ಸೋಪಿನಲ್ಲಿ ಕೈ ತೊಳೆಯುತ್ತೇನೆ, ಮಕ್ಕಳಿಗೂ ಕಲಿಸುತ್ತೇನೆ ಎಂದು ಮಾತು ಕೊಡುತ್ತಾರೆ.

ಇಡೀ ಅಭಿಯಾನದಲ್ಲಿ ಎದ್ದು ಕಾಣುವುದು ಅದರಲ್ಲಿ ಇಲ್ಲದ ಒಂದು ಸಂಗತಿ. ಭೇದಿಯ ಮಾತಿಲ್ಲ, ಕೀಟಾಣುವಿನ ಮಾತಿಲ್ಲ, ಸಾವಿನ ಹೆದರಿಕೆಯಿಲ್ಲ. ಮಕ್ಕಳನ್ನು ಚೆನ್ನಾಗಿ ಬೆಳೆಸಬೇಕೆಂಬ ತಾಯಿಯ ಆಸೆ, ನಾಲ್ಕು ಜನರಲ್ಲಿ ಗೌರವ, ಎಲ್ಲರೂ ಮಾಡುವುದನ್ನು ನಾವೂ ಮಾಡಬೇಕೆಂಬ ಹಂಬಲ, ಮತ್ತು ಹೇಸಿಗೆ. ಈ ನಾಲ್ಕನ್ನೇ ನೆಚ್ಚಿಕೊಂಡಿದ್ದರು.

7 ಹಳ್ಳಿಗಳಲ್ಲಿ ಅಭಿಯಾನ ನಡೆಸಿ, ಉಳಿದ 7 ಹಳ್ಳಿಗಳನ್ನು ಹೋಲಿಕೆಗೆ ಇಟ್ಟುಕೊಂಡರು. ಯಾವ ಹಳ್ಳಿ ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಲಾಗಿತ್ತು. ಆರು ವಾರಗಳ ನಂತರ ಮತ್ತೆ ಹೋಗಿ ನೋಡಿದಾಗ ಅಭಿಯಾನದ ಹಳ್ಳಿಗಳಲ್ಲಿ ಸೋಪಿನ ಬಳಕೆ ಶೇ 19ಕ್ಕೆ ಏರಿತ್ತು, ಉಳಿದ ಕಡೆ ಶೇ 4. ಆರು ತಿಂಗಳಿಗೆ ಶೇ 37, ಉಳಿದ ಕಡೆ ಶೇ 6. ಸಾಮಾನ್ಯವಾಗಿ ಇಂಥ ಅಭಿಯಾನಗಳ ಬಿಸಿ ದಿನ ಕಳೆದಂತೆ ಆರುತ್ತದೆ, ಇಲ್ಲಿ ಏರಿತು. ಆಮೇಲೆ ಹೋಲಿಕೆಯ ಹಳ್ಳಿಗಳಿಗೂ ಅಭಿಯಾನದ ಚಿಕ್ಕ ಆವೃತ್ತಿಯನ್ನು ಒಯ್ದರು. ವರ್ಷದ ಕೊನೆಗೆ ಎರಡೂ ಕಡೆ ಶೇ 29. ಫಲಿತಾಂಶ 2014ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಅಸಹ್ಯ ಎಂಬ ಅಸ್ತ್ರ ನಮ್ಮ ನಾಡಿನಲ್ಲಿ ಎರಡಲಗಿನ ಕತ್ತಿ. ಎಂಜಲು, ಮುಸುರೆ, ಮಡಿ, ಮೈಲಿಗೆ ಎಂದು ನಮ್ಮ ಅಡುಗೆಮನೆಗಳು ಮುಟ್ಟುವುದರ ಬಗ್ಗೆ ಎಷ್ಟೊಂದು ನಿಯಮ ಕಟ್ಟಿಕೊಂಡಿವೆ! ಅನ್ನದ ಪಾತ್ರೆ ಮುಟ್ಟಿದ ಕೈಯಲ್ಲಿ ಮೊಸರಿನ ಪಾತ್ರೆ ಮುಟ್ಟದ ಮನೆಗಳಲ್ಲಿಯೂ ಸೋಪಿಲ್ಲದೆ ಬರೀ ನೀರು ಹಾಕಿಕೊಂಡರೆ ಶುದ್ಧವಾಯಿತು. ಅದೇ ಹೇಸಿಗೆಯ ಹೆಸರಿನಲ್ಲಿ ಮನುಷ್ಯರನ್ನು ಬಾಗಿಲ ಆಚೆ ನಿಲ್ಲಿಸಿದ್ದೇವೆ, ಬೇರೆ ಲೋಟ ಇಟ್ಟಿದ್ದೇವೆ. ಹಾಗಾಗಿ ಹೇಸಿಗೆಯನ್ನು ಬಳಸುವ ಯಾವುದೇ ಅಭಿಯಾನ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಯಾರ ಕೈಯನ್ನು ಕೊಳಕು ಎಂದು ತೋರಿಸುತ್ತಿದ್ದೇವೆ? ಕೊಳಕು ಕೈ ಯಾವಾಗಲೂ ನಮ್ಮದೇ ಆಗಿರಬೇಕು, ನೋಡುವವರದ್ದೇ ಆಗಿರಬೇಕು. ಕಸ ಎತ್ತುವವರ, ಚರಂಡಿ ಬಳಿಯುವವರ ಕೈಯನ್ನು ಪೋಸ್ಟರಿಗೆ ಹಾಕಿದ ದಿನ ಆ ಅಭಿಯಾನ ರೋಗಕ್ಕಿಂತ ಹೆಚ್ಚಿನ ಕೇಡು ಮಾಡುತ್ತದೆ. ನಡವಳಿಕೆ ಬದಲಿಸಲು ಹೊರಟವರಿಗೆ ಮನಶ್ಶಾಸ್ತ್ರದ ಜೊತೆಗೆ ಊರಿನ ಚರಿತ್ರೆಯೂ ಗೊತ್ತಿರಬೇಕು.

ಭಾವನೆಯನ್ನೂ ಮುಟ್ಟದೆ, ಒಂದು ಮಾತೂ ಆಡದೆ ನಡವಳಿಕೆ ಬದಲಿಸಬಹುದೇ? ಬಾಂಗ್ಲಾದೇಶದ ಎರಡು ಪ್ರಾಥಮಿಕ ಶಾಲೆಗಳಲ್ಲಿ ಅದನ್ನು ಪರೀಕ್ಷಿಸಿದರು. ರಾಬರ್ಟ್ ಡ್ರೈಬೆಲ್ಬಿಸ್ ಮತ್ತು ಸಂಗಡಿಗರ ಪ್ರಯೋಗ ಅದು, 2016ರಲ್ಲಿ ಪ್ರಕಟವಾಯಿತು. ಆ ಶಾಲೆಗಳಲ್ಲಿ ಶೌಚಾಲಯದಿಂದ ಹೊರಬಂದ ಮಕ್ಕಳಲ್ಲಿ ಸೋಪಿನಿಂದ ಕೈ ತೊಳೆಯುತ್ತಿದ್ದವರು ಶೇ 4. ಮೊದಲು ಕೈ ತೊಳೆಯುವ ಜಾಗ ಕಟ್ಟಿಸಿದರು. ಆಮೇಲೆ ಶೌಚಾಲಯದಿಂದ ಅಲ್ಲಿಯವರೆಗೆ ಒಂದು ದಾರಿ ಮಾಡಿ, ಅದಕ್ಕೆ ಕಣ್ಣು ಕುಕ್ಕುವ ಬಣ್ಣ ಬಳಿದು, ಅದರ ಮೇಲೆ ಪುಟ್ಟ ಪುಟ್ಟ ಹೆಜ್ಜೆಗುರುತು ಬಿಡಿಸಿದರು. ಕೈ ತೊಳೆಯುವ ಜಾಗದ ಮೇಲೆ ಅಂಗೈ ಗುರುತು. ಪಾಠ ಮಾಡಲಿಲ್ಲ, ಪೋಸ್ಟರ್ ಅಂಟಿಸಲಿಲ್ಲ. ಮಾರನೆಯ ದಿನ ಶೇ 68 ಮಕ್ಕಳು ಸೋಪಿನಿಂದ ಕೈ ತೊಳೆದರು. ಆರು ವಾರ ಕಳೆದ ಮೇಲೂ ಶೇ 74.

ಎರಡೇ ಶಾಲೆ, ಆರೇ ವಾರ. ಇದರಿಂದ ಜಗತ್ತನ್ನು ಗೆದ್ದೆವು ಎನ್ನಲಾಗದು. ಆದರೂ ಈ ಪ್ರಯೋಗ ನನಗೆ ಬಹಳ ಪ್ರಿಯ. ಮಗುವಿನ ಮೇಲೆ ದೂರು ಹೊರಿಸದೆ, ಮಗು ನಡೆಯುವ ದಾರಿಯನ್ನು ಬದಲಿಸಿದ ಕಾರಣಕ್ಕೆ. ಹೆಜ್ಜೆಗುರುತು ಕಂಡರೆ ಅದರ ಮೇಲೆ ಕಾಲಿಟ್ಟು ನಡೆಯುವುದು ಮಕ್ಕಳ ಸ್ವಭಾವ. ಆ ಸ್ವಭಾವ ಮಗುವನ್ನು ನಲ್ಲಿಯ ಮುಂದೆ ತಂದು ನಿಲ್ಲಿಸುತ್ತದೆ, ಅಲ್ಲಿ ಸೋಪು ಇರುತ್ತದೆ. ಅಲ್ಲಿ ಸೋಪು ಇಲ್ಲದೇ ಹೋದರೆ ಎಷ್ಟು ಬಣ್ಣ ಬಳಿದರೂ ವ್ಯರ್ಥ.

ಜಾಗದಷ್ಟೇ ಹೊತ್ತೂ ಮುಖ್ಯ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರ ಒಂದು ತಂಡ ಮನೆಗಳಲ್ಲಿ ಉಣ್ಣುವ ಜಾಗದ ಹತ್ತಿರವೇ ದ್ರವ ಸೋಪಿನ ಡಬ್ಬಿಗಳನ್ನು ಹಾಕಿಸಿತು. ಒತ್ತಿದರೆ ನೊರೆ ಬರುವ ಡಬ್ಬಿ. ಯಾವ ಹೊತ್ತಿನಲ್ಲಿ ಒತ್ತಿದರು ಎಂಬುದನ್ನು ಒಳಗಿನ ಒಂದು ಪುಟ್ಟ ಉಪಕರಣ ಬರೆದಿಟ್ಟುಕೊಳ್ಳುತ್ತಿತ್ತು. ರಾತ್ರಿಯೂಟ ದಿನವೂ ಬಂದೇ ಬರುತ್ತದೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹೊಸ ಅಭ್ಯಾಸವನ್ನು ಅದಕ್ಕೆ ತಗುಲಿಹಾಕಿದರು. ಕೆಲವು ಮನೆಗಳಿಗೆ ನಿಮ್ಮ ಬಳಕೆಯನ್ನು ಗಮನಿಸುತ್ತೇವೆ ಎಂದು ಹೇಳಿದರು, ಕೆಲವರಿಗೆ ಬಳಸಿದ್ದಕ್ಕೆ ಸಣ್ಣ ಬಹುಮಾನವನ್ನೂ ಕೊಟ್ಟರು. ಗಮನ ಮತ್ತು ಬಹುಮಾನ ನಿಂತ ಮೇಲೂ ಅಭ್ಯಾಸ ಸ್ವಲ್ಪ ಮಟ್ಟಿಗೆ ಉಳಿಯಿತು. ಡಬ್ಬಿ ಪಡೆದ ಮನೆಗಳ ಮಕ್ಕಳಲ್ಲಿ ಭೇದಿ ಕಡಿಮೆಯಾಯಿತು, ಎತ್ತರ ಮತ್ತು ತೂಕದಲ್ಲಿಯೂ ಸುಧಾರಣೆ ಕಂಡಿತು ಎಂದು 2022ರಲ್ಲಿ ವರದಿ ಮಾಡಿದರು.

ಈ ಮೂರೂ ಕಥೆಗಳಿಗೆ ಒಂದು ಚೌಕಟ್ಟು ಬೇಕೆಂದರೆ ಲಂಡನ್ನಿನ ಮನಶ್ಶಾಸ್ತ್ರಜ್ಞೆ ಸೂಸನ್ ಮಿಕಿ ಮತ್ತು ಸಂಗಡಿಗರು 2011ರಲ್ಲಿ ಕೊಟ್ಟದ್ದು ಇದೆ. ಒಬ್ಬ ವ್ಯಕ್ತಿ ಒಂದು ಕೆಲಸ ಮಾಡುತ್ತಿಲ್ಲ ಎಂದರೆ ಕೇಳಬೇಕಾದ್ದು ಮೂರು: ಅವನಿಗೆ ಮಾಡಲು ಬರುತ್ತದೆಯೇ? ಮಾಡಲು ಅನುಕೂಲ ಇದೆಯೇ? ಮಾಡಬೇಕೆನ್ನಿಸುತ್ತಿದೆಯೇ? ನಮ್ಮ ಯೋಜನೆಗಳು ಎಡವುವುದು ಹೆಚ್ಚಾಗಿ ನಡುವಿನ ಪ್ರಶ್ನೆಯಲ್ಲಿ. ಅನುಕೂಲ ಇಲ್ಲದವರಿಗೆ ಪ್ರೇರಣೆಯ ಭಾಷಣ ಮಾಡುತ್ತೇವೆ.

ರಾಜಸ್ಥಾನದ ಉದಯಪುರ ಜಿಲ್ಲೆಯ ಲಸಿಕೆಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಸೇವಾ ಮಂದಿರ ಎಂಬ ಸಂಸ್ಥೆ ಕೆಲಸ ಮಾಡುತ್ತಿದ್ದ ಗುಡ್ಡಗಾಡು ಹಳ್ಳಿಗಳಲ್ಲಿ ಎಲ್ಲ ಲಸಿಕೆ ಪೂರ್ಣಗೊಳಿಸಿದ ಮಕ್ಕಳು ತೀರಾ ಕಡಿಮೆ. ತಾಯಂದಿರಿಗೆ ಮೂಢನಂಬಿಕೆ, ಅಜ್ಞಾನ ಎಂದು ಹೇಳಿಬಿಡುವುದು ಸುಲಭವಿತ್ತು. ಅಭಿಜಿತ್ ಬ್ಯಾನರ್ಜಿ, ಎಸ್ತೆರ್ ಡುಫ್ಲೊ ಮತ್ತು ಸಂಗಡಿಗರು ಬೇರೆ ಕಡೆ ನೋಡಿದರು. ಆ ಜಿಲ್ಲೆಯ ಉಪ ಆರೋಗ್ಯ ಕೇಂದ್ರಗಳಿಗೆ ಹೇಳದೆ ಹೋಗಿ ನೋಡಿದಾಗ ಸುಮಾರು ಶೇ 45ರಷ್ಟು ಸಲ ದಾದಿ ಅಲ್ಲಿ ಇರುತ್ತಿರಲಿಲ್ಲ. ಕೂಲಿ ಬಿಟ್ಟು, ಮಗುವನ್ನು ಸೊಂಟಕ್ಕೆತ್ತಿಕೊಂಡು, ಗುಡ್ಡ ಇಳಿದು ಬಂದ ತಾಯಿ ಬೀಗ ನೋಡಿ ವಾಪಸ್ ಹೋಗುತ್ತಾಳೆ. ಮುಂದಿನ ಸಲ ಬರುವುದಿಲ್ಲ. ಇದರಲ್ಲಿ ಅಜ್ಞಾನ ಎಲ್ಲಿದೆ?

134 ಹಳ್ಳಿಗಳನ್ನು ಆರಿಸಿ, ಕೆಲವು ಕಡೆ ತಿಂಗಳಿಗೊಮ್ಮೆ ಗೊತ್ತಾದ ದಿನದಂದು ತಪ್ಪದೆ ಲಸಿಕೆ ಶಿಬಿರ ನಡೆಸಿದರು. ದಾದಿ ಬಂದಿದ್ದಾರೆ ಎಂಬುದಕ್ಕೆ ದಿನಾಂಕ, ಸಮಯ ಇರುವ ಫೋಟೊ ಬೇಕಿತ್ತು. ಇನ್ನು ಕೆಲವು ಕಡೆ ಶಿಬಿರದ ಜೊತೆಗೆ, ಪ್ರತಿ ಲಸಿಕೆಗೆ 1 ಕೆ.ಜಿ. ಬೇಳೆ, ಎಲ್ಲ ಮುಗಿಸಿದರೆ ಊಟದ ತಟ್ಟೆಗಳ ಒಂದು ಸೆಟ್. ಏನೂ ಮಾಡದ ಹಳ್ಳಿಗಳಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳು ಶೇ 6, ಶಿಬಿರ ಇದ್ದ ಕಡೆ ಶೇ 18, ಶಿಬಿರವೂ ಬೇಳೆಯೂ ಇದ್ದ ಕಡೆ ಶೇ 39. ಬೇಳೆ ಕೊಟ್ಟದ್ದರಿಂದ ಖರ್ಚು ಹೆಚ್ಚಾಗಲಿಲ್ಲವೇ ಎಂದರೆ, ಪ್ರತಿ ಮಗುವಿನ ಪೂರ್ಣ ಲಸಿಕೆಗೆ ಬಿದ್ದ ಖರ್ಚು 56 ಡಾಲರಿನಿಂದ 28 ಡಾಲರಿಗೆ ಇಳಿದಿತ್ತು. ದಾದಿ ಹೇಗಿದ್ದರೂ ದಿನವಿಡೀ ಶಿಬಿರದಲ್ಲಿ ಕೂತಿರುತ್ತಾರೆ; ಬರುವ ಮಕ್ಕಳು ಹೆಚ್ಚಾದಷ್ಟೂ ಒಂದೊಂದು ಮಗುವಿಗೆ ತಗಲುವ ವೆಚ್ಚ ತಗ್ಗುತ್ತದೆ. 2010ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಇದು ಪ್ರಕಟವಾಯಿತು. ಬ್ಯಾನರ್ಜಿ, ಡುಫ್ಲೊ ಇಬ್ಬರಿಗೂ ಮೈಕೆಲ್ ಕ್ರೆಮರ್ ಜೊತೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಬೇಳೆ ಕೊಟ್ಟು ಲಸಿಕೆ ಹಾಕಿಸುವುದು ಲಂಚವಲ್ಲವೇ ಎಂದು ಕೆಲವರು ಆಗಲೂ ಕೇಳಿದ್ದರು, ಈಗಲೂ ಕೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಲಸಿಕೆಯ ಲಾಭ ಯಾವತ್ತೋ ಒಂದು ದಿನ, ಕಣ್ಣಿಗೆ ಕಾಣದೆ ಬರುತ್ತದೆ. ಅದರ ಕಷ್ಟವೋ ಇವತ್ತೇ: ಹೋದ ಕೂಲಿ, ರಾತ್ರಿಯೆಲ್ಲ ಜ್ವರದಲ್ಲಿ ಅಳುವ ಮಗು. ಆ ಹೊತ್ತು ಸುಮಾರು 40 ರೂಪಾಯಿ ಬೆಲೆಯ ಬೇಳೆ, ಬಂದದ್ದು ದಂಡವಾಗಲಿಲ್ಲ ಎಂದು ತಾಯಿಗೆ ಅನ್ನಿಸುವಂತೆ ಮಾಡಿತು. ಓದಿದವರು ಸಹ ನಾಳೆಯಿಂದ ವಾಕಿಂಗ್ ಎಂದು ವರ್ಷಗಟ್ಟಲೆ ಹೇಳುವುದಿಲ್ಲವೇ? ದೂರದ ಲಾಭಕ್ಕಾಗಿ ಹತ್ತಿರದ ಕಷ್ಟ ಪಡಲು ಹಿಂಜರಿಯುವುದು ಮನುಷ್ಯರ ಗುಣ. ಅದಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ.

ಮುಂಬೈಯ ವಡಾಲಾ ನಿಲ್ದಾಣದ ಉದಾಹರಣೆ ಇನ್ನೊಂದು ಬಗೆಯದು. ಹಳಿ ದಾಟಬೇಡಿ, ದಂಡ ಬೀಳುತ್ತದೆ ಎಂಬ ಫಲಕಗಳು ಎಲ್ಲ ಕಡೆ ಇದ್ದವು, ಜನ ಸಾಯುತ್ತಲೇ ಇದ್ದರು. ಫೈನಲ್ ಮೈಲ್ ಎಂಬ ಸಂಸ್ಥೆ 2009–10ರ ಹೊತ್ತಿಗೆ ಅಲ್ಲಿ ನೋಡುತ್ತಾ ಕೂತು ಕಂಡುಕೊಂಡದ್ದು: ದೂರದಿಂದ ಬರುವ ದೊಡ್ಡ ವಸ್ತುವಿನ ವೇಗವನ್ನು ಮನುಷ್ಯನ ಕಣ್ಣು ಕಡಿಮೆ ಎಂದೇ ಎಣಿಸುತ್ತದೆ. ರೈಲು ಇನ್ನೂ ದೂರವಿದೆ ಎಂದುಕೊಂಡವನು ನಡುಹಳಿಯಲ್ಲಿ ಸಿಕ್ಕಿಬೀಳುತ್ತಾನೆ. ಹಳಿಯಡಿಯ ದಿಮ್ಮಿಗಳಲ್ಲಿ ಕೆಲವನ್ನು ಬಿಟ್ಟು ಕೆಲವಕ್ಕೆ ಹಳದಿ ಬಣ್ಣ ಬಳಿದರು. ಅವು ಒಂದೊಂದಾಗಿ ರೈಲಿನಡಿ ಮಾಯವಾಗುವುದನ್ನು ನೋಡಿದರೆ ವೇಗ ಅಂದಾಜಾಗುತ್ತದೆ. ಉದ್ದನೆಯ ಒಂದೇ ಹಾರನ್ ಬದಲು ಎರಡು ತುಂಡು ಹಾರನ್ ಹಾಕಿಸಿದರು. ರೈಲು ಮೈಮೇಲೆ ಬರುವ ಕ್ಷಣದಲ್ಲಿ ಒಬ್ಬನ ಮುಖ ಹೇಗಿರುತ್ತದೆ ಎಂದು ನಟನೊಬ್ಬನ ಫೋಟೊ ತೆಗೆದು, ದಾಟುವ ಜಾಗದಲ್ಲೇ ನಿಲ್ಲಿಸಿದರು. ನಂತರದ ತಿಂಗಳುಗಳಲ್ಲಿ ಅಲ್ಲಿ ಸಾವುಗಳು ಇಳಿದವೆಂದು ವರದಿಯಾಯಿತು.

ಇಷ್ಟೆಲ್ಲ ಓದಿದಾಗ ಒಂದು ಹೆಜ್ಜೆಗುರುತು, ಒಂದು ಹಳದಿ ಪಟ್ಟೆಯಿಂದ ಎಲ್ಲವೂ ಸಾಧ್ಯ ಎಂಬ ಹುರುಪು ಬರುವುದು ಸಹಜ. ಕಳೆದ ಒಂದೂವರೆ ದಶಕದಲ್ಲಿ ಸರ್ಕಾರಗಳಿಗೂ ಬಂದಿದೆ. ಬ್ರಿಟನ್ 2010ರಲ್ಲಿ ಇದಕ್ಕೆಂದೇ ಒಂದು ತಂಡ ಕಟ್ಟಿತು. ನಮ್ಮಲ್ಲಿ 2018–19ರ ಆರ್ಥಿಕ ಸಮೀಕ್ಷೆಯಲ್ಲಿ ಒಂದು ಇಡೀ ಅಧ್ಯಾಯ ಇದಕ್ಕೆ ಮೀಸಲಾಗಿತ್ತು. ಆದ್ದರಿಂದಲೇ ತಣ್ಣೀರೆರಚುವ ಅಂಕಿಗಳನ್ನೂ ಹೇಳುವುದು ನ್ಯಾಯ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಎಲಿಜಬೆತ್ ಲೈನೋಸ್ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ವತ್ ಪತ್ರಿಕೆಗಳಲ್ಲಿ ಬಂದ ಇಂಥ ಪ್ರಯೋಗಗಳ ಸರಾಸರಿ ಪರಿಣಾಮ 8.7 ಶೇಕಡಾ ಅಂಶ. ಅಮೆರಿಕದ ಇಂಥದೇ ಎರಡು ತಂಡಗಳು ನಿಜವಾಗಿ ನಡೆಸಿದ 126 ಪ್ರಯೋಗಗಳನ್ನು, ಚೆನ್ನಾಗಿ ಬಂದದ್ದು ಬಾರದ್ದು ಎಲ್ಲವನ್ನೂ ಸೇರಿಸಿ ನೋಡಿದರೆ 1.4. ಗೆದ್ದ ಪ್ರಯೋಗ ಅಚ್ಚಾಗುತ್ತದೆ, ಸೋತದ್ದು ಮೇಜಿನ ಖಾನೆಯಲ್ಲಿ ಉಳಿಯುತ್ತದೆ. ಇನ್ನೂ ಕೆಟ್ಟದ್ದೂ ನಡೆದಿದೆ. ಅರ್ಜಿಯ ಕೊನೆಯಲ್ಲಿ ಹಾಕುವ ಸಹಿಯನ್ನು ಮೊದಲೇ ಹಾಕಿಸಿದರೆ ಜನ ಹೆಚ್ಚು ಪ್ರಾಮಾಣಿಕರಾಗುತ್ತಾರೆ ಎಂದು 2012ರಲ್ಲಿ ಬಂದ ಪ್ರಸಿದ್ಧ ಪ್ರಬಂಧವನ್ನು, ಅದರೊಳಗಿನ ದತ್ತಾಂಶವೇ ಕಟ್ಟಿದ್ದೆಂದು ಗೊತ್ತಾಗಿ, 2021ರಲ್ಲಿ ಹಿಂಪಡೆಯಲಾಯಿತು. ಪ್ರಾಮಾಣಿಕತೆಯ ಬಗೆಗಿನ ಪ್ರಬಂಧಕ್ಕೇ ಹೀಗಾದದ್ದು ಈ ವಿಜ್ಞಾನವನ್ನು ನೆಚ್ಚಿದವರಿಗೆಲ್ಲ ದೊಡ್ಡ ಪೆಟ್ಟು.

ಸೂಪರ್ ಅಮ್ಮನ ಫಲಿತಾಂಶವನ್ನೂ ಅದರ ಅಳತೆಯಲ್ಲೇ ಓದಬೇಕು. ಶೇ 37 ಎಂದರೆ ನೂರರಲ್ಲಿ 63 ಸಲ ಸೋಪು ಮುಟ್ಟಿಲ್ಲ. ಕೈ ತೊಳೆಯುವುದು ಹೆಚ್ಚಿತೆಂದು ಆ ಅಧ್ಯಯನ ತೋರಿಸಿತು, ಭೇದಿ ಕಡಿಮೆಯಾಯಿತೇ ಎಂಬುದನ್ನು ಅಳೆಯಲಿಲ್ಲ. ಕರಾಚಿಯ ಬಡಾವಣೆಗಳಲ್ಲಿ ಸೋಪು ಕೊಟ್ಟು, ಪ್ರತಿ ವಾರ ಮನೆಗೆ ಹೋಗಿ ಮಾತಾಡಿದ್ದ ಇನ್ನೊಂದು ಪ್ರಯೋಗದಲ್ಲಿ 5 ವರ್ಷದೊಳಗಿನ ಮಕ್ಕಳ ನ್ಯುಮೋನಿಯಾ ಅರ್ಧಕ್ಕೆ ಇಳಿದಿತ್ತು, ಭೇದಿಯೂ ಹೆಚ್ಚುಕಡಿಮೆ ಅಷ್ಟೇ. 2005ರ ಮಾತು ಅದು. ಆದರೆ 2018ರಲ್ಲಿ ಬಾಂಗ್ಲಾದೇಶ ಮತ್ತು ಕೀನ್ಯಾದ ದೊಡ್ಡ ಪ್ರಯೋಗಗಳು ಬೇರೆ ಚಿತ್ರ ಕೊಟ್ಟವು. ನೀರು, ಶೌಚಾಲಯ, ಕೈ ತೊಳೆಯುವಿಕೆ ಎಲ್ಲವನ್ನೂ ಸುಧಾರಿಸಿದ ಮನೆಗಳಲ್ಲಿ ಬಾಂಗ್ಲಾದ ಮಕ್ಕಳಿಗೆ ಭೇದಿ ತಗ್ಗಿತು, ಕೀನ್ಯಾದಲ್ಲಿ ತಗ್ಗಲಿಲ್ಲ. ಮಕ್ಕಳ ಬೆಳವಣಿಗೆಯ ಮೇಲೆ ಎರಡೂ ಕಡೆ ಪರಿಣಾಮ ಕಾಣಲಿಲ್ಲ. ಸುತ್ತಲಿನ ಕೊಳಚೆ, ತಟ್ಟೆಯಲ್ಲಿನ ಆಹಾರ ಇವೆಲ್ಲ ಹಾಗೇ ಇರುವಾಗ ತಾಯಿಯ ಎರಡು ಕೈ ಎಷ್ಟು ಭಾರ ಹೊರಬಲ್ಲವು?

ಇದಕ್ಕಾಗಿಯೇ, ನಡವಳಿಕೆ ಬದಲಿಸುವ ಉಪಾಯಗಳು ವ್ಯವಸ್ಥೆ ಮಾಡಬೇಕಾದ ಕೆಲಸಕ್ಕೆ ಅಗ್ಗದ ಬದಲಿಯಾಗಬಾರದು. ಮೈಲಿ ದೂರದಿಂದ ಕೊಡದಲ್ಲಿ ನೀರು ಹೊತ್ತು ತರುವ ಹೆಂಗಸಿಗೆ ದಿನಕ್ಕೆ ಐದು ಸಲ ಕೈ ತೊಳೆ ಎಂದು ಹೇಳುವುದು ಕ್ರೌರ್ಯ. ಅವಳಿಗೆ ಮೊದಲು ನಲ್ಲಿ ಬೇಕು. ಉದಯಪುರದಲ್ಲಿ ಬೇಳೆ ಕೆಲಸ ಮಾಡಿದ್ದು ದಾದಿ ತಪ್ಪದೆ ಬಂದದ್ದರಿಂದ. ದಾದಿಯಿಲ್ಲದ ಕೇಂದ್ರದ ಮುಂದೆ ಬೇಳೆಯ ಮೂಟೆ ಇಟ್ಟಿದ್ದರೆ ಒಂದು ಮಗುವಿಗೂ ಲಸಿಕೆ ಬೀಳುತ್ತಿರಲಿಲ್ಲ. ಇನ್ನು, ಜನರಿಗೆ ಗೊತ್ತಾಗದಂತೆ ಅವರನ್ನು ತಿರುಗಿಸುವ ಉಪಾಯಗಳಿಗೆ ನನ್ನ ವಿರೋಧವಿದೆ. ಏನು ಮಾಡುತ್ತಿದ್ದೇವೆ, ಏಕೆ ಮಾಡುತ್ತಿದ್ದೇವೆ ಎಂದು ಊರಿನ ಕಟ್ಟೆಯ ಮೇಲೆ ನಿಂತು ಹೇಳಲಾಗದ ಉಪಾಯವನ್ನು ಮಾಡಬಾರದು. ಹೆಜ್ಜೆಗುರುತಿನ ದಾರಿಯನ್ನು ಹೇಳಬಹುದು, ಬೇಳೆಯನ್ನು ಹೇಳಬಹುದು, ಲಡ್ಡು ಲಿಂಗಂ ಅಂತೂ ಎಲ್ಲರೆದುರೇ ಆಡಿದ ಆಟ.

ಅಕ್ಟೋಬರ್ 15 ವಿಶ್ವ ಕೈ ತೊಳೆಯುವ ದಿನ, 2008ರಿಂದ ಆಚರಿಸಲಾಗುತ್ತಿದೆ. ಆ ದಿನ ಶಾಲೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಗೆ ನೊರೆ ಹಚ್ಚಿಸಿ ಫೋಟೊ ತೆಗೆಯುವ ಪದ್ಧತಿ ಬೆಳೆದಿದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ, ಮುಖ್ಯ ಶಿಕ್ಷಕರಲ್ಲಿ, ಗ್ರಾಮ ಪಂಚಾಯಿತಿಯವರಲ್ಲಿ ಒಂದು ಬೇಡಿಕೆ. ಈ ಸಲ ಬ್ಯಾನರು ಬರೆಸುವ ಮುಂಚೆ ಒಂದು ವಾರ, ಬಿಸಿಯೂಟದ ಗಂಟೆ ಹೊಡೆಯುವ ಹೊತ್ತಿಗೆ, ಶಾಲೆಯ ಒಂದು ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ. ಎಷ್ಟು ಮಕ್ಕಳಿಗೆ ಎಷ್ಟು ನಲ್ಲಿ ಇವೆ, ನಲ್ಲಿಯ ಎತ್ತರ ಒಂದನೇ ತರಗತಿಯ ಮಗುವಿಗೆ ಎಟುಕುತ್ತದೆಯೇ, ನೀರು ಆ ಹೊತ್ತಿಗೆ ಬರುತ್ತದೆಯೇ, ಸೋಪು ನಲ್ಲಿಯ ಪಕ್ಕದಲ್ಲಿದೆಯೋ ಆಫೀಸಿನ ಬೀರುವಿನಲ್ಲಿ ಭದ್ರವಾಗಿದೆಯೋ, ಮಕ್ಕಳು ತಟ್ಟೆ ಹಿಡಿದು ಓಡುವ ದಾರಿ ನಲ್ಲಿಯ ಮುಂದೆ ಹಾಯುತ್ತದೋ ಇಲ್ಲವೋ, ಬರೆದುಕೊಳ್ಳಿ. ಬ್ಯಾನರಿಗೆಂದು ತೆಗೆದಿಟ್ಟ ಹಣ ಸೋಪಿಗೆ, ಒಂದು ನಲ್ಲಿಗೆ, ಒಂದು ಡಬ್ಬ ಬಣ್ಣಕ್ಕೆ ಆದೀತು. ಮೂರು ತಿಂಗಳ ನಂತರ ಮತ್ತೆ ಅದೇ ಜಾಗದಲ್ಲಿ ಕೂತು ಎಣಿಸಿ, ಬಂದ ಲೆಕ್ಕ ಹೇಗೇ ಇರಲಿ, ಪೋಷಕರ ಸಭೆಯಲ್ಲಿ ಓದಿ ಹೇಳಿ.